ತೊಟ್ಟಿಲಪ್ಪನ ತಡವರಿಸುವ ಬಸ್ಸು

ಆ ಮನೆಯ ಒಳಕೋಣೆಯಲ್ಲಿ ಒಂದು ಬಸ್ಸಿದೆ. ನಂಬದವರು ಮಧ್ಯಾಹ್ನ ಮೂರು ಗಂಟೆಯ ಮೇಲೆ ಹೋಗಿ ನೋಡಬಹುದು. ಕಿಟಕಿಗೆ ಒತ್ತಿಕೊಂಡ ಮೇಜು, ಅದರ ಮೇಲೆ ಅಗಲವಾದ ಪರದೆ, ಮೇಜಿನ ಅಂಚಿಗೆ ಸ್ಕ್ರೂ ಬಿಗಿದು ಕೂರಿಸಿದ ಸ್ಟೀರಿಂಗ್, ಕೆಳಗೆ ಜಾರದ ಹಾಗೆ ಗೋಣಿತಟ್ಟಿನ ಮೇಲೆ ಇಟ್ಟ ಪೆಡಲುಗಳು. ಕೂರುವುದಕ್ಕೆ ಗುಜರಿಗೆ ಹೋದ ನಿಜವಾದ ಬಸ್ಸಿನಿಂದಲೇ ಕಳಚಿ ತಂದ ಡ್ರೈವರ್ ಸೀಟು. ಅದರ ಸ್ಪ್ರಿಂಗು ಈಗಲೂ ಕುಂಯ್ ಎನ್ನುತ್ತದೆ. ಮೇಜಿನಡಿಯಲ್ಲಿ ಕಂಪ್ಯೂಟರಿನ ಕಪ್ಪು ಪೆಟ್ಟಿಗೆ. ಇಷ್ಟೇ. ಆದರೆ ತೊಟ್ಟಿಲಪ್ಪ ಬಂದು ಆ ಸೀಟಿನಲ್ಲಿ ಕುಳಿತು ಅಂಗೈಯಿಂದ ಒಮ್ಮೆ ಸ್ಟೀರಿಂಗ್ ಸವರಿದರೆ ಸಾಕು, ಕೋಣೆಯ ಗೋಡೆಗಳು ಮೆಲ್ಲಗೆ ಹಿಂದಕ್ಕೆ ಸರಿಯಲು ಶುರುವಾಗುತ್ತವೆ.

ತೊಟ್ಟಿಲಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಹದಿನಾಲ್ಕನೇ ನಂಬರ್ ಬಸ್ಸು ಓಡಿಸಿದವರು ಅವರು. ಅವರು ಬ್ರೇಕ್ ಹಾಕಿದ್ದು ಒಳಗೆ ನಿಂತವರಿಗೂ ಗೊತ್ತಾಗುತ್ತಿರಲಿಲ್ಲ. ಅಳುವ ಕೂಸನ್ನು ಎತ್ತಿಕೊಂಡು, ಹೋಗುವ ಕೆಲಸವಿಲ್ಲದಿದ್ದರೂ, ಒಂದು ಸುತ್ತು ಹೋಗಿ ಬರುವ ತಾಯಂದಿರಿದ್ದರು. ಮೂರನೇ ಸ್ಟಾಪು ದಾಟುವಷ್ಟರಲ್ಲಿ ಕೂಸು ಗಪ್‌ಚುಪ್. ಡಿಪೋದವರು ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಹೆಂಡತಿ ಮಾತ್ರ ಸಿಟ್ಟು ಬಂದಾಗಷ್ಟೇ ಆ ಹೆಸರೆತ್ತುತ್ತಿದ್ದಳು. "ತೊಟ್ಟಿಲಪ್ಪನಂತೆ ತೊಟ್ಟಿಲಪ್ಪ! ಊರವರ ಮಕ್ಕಳನ್ನೆಲ್ಲ ಮಲಗಿಸಿ ಬಂದ್ರು, ಸ್ವಂತ ಮಗಳನ್ನ ಒಂದು ದಿನ ತೂಗಿದ್ರಾ ಕೇಳಿ." ತೂಗಿರಲಿಲ್ಲ, ನಿಜ. ಮಗಳು ಏಳುವ ಮೊದಲೇ ಅವರ ಬಸ್ಸು ಹೊರಟಿರುತ್ತಿತ್ತು. ಆದರೆ ಆ ಮೂವತ್ತೊಂದು ವರ್ಷದಲ್ಲಿ ಒಂದು ನಾಯಿಮರಿಯನ್ನೂ ಅವರ ಚಕ್ರ ಮುಟ್ಟಿರಲಿಲ್ಲ. ಅದೊಂದು ಮಾತನ್ನು ಅವರು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತಿದ್ದರು.

ಅವರು ಕೆಲಸದಿಂದ ನಿವೃತ್ತರಾಗಿ ಏಳು ವರ್ಷವಾಗಿತ್ತು. ಅಷ್ಟರಲ್ಲಿ ಹದಿನಾಲ್ಕನೇ ನಂಬರಿನ ದಾರಿಯೇ ಇಲ್ಲವಾಯಿತು. ರಸ್ತೆ ಅಗಲ ಮಾಡುವ ಭರಾಟೆಯಲ್ಲಿ ಅರ್ಧ ಅಂಗಡಿಗಳು ಹೋದವು, ಮರಗಳು ಹೋದವು, ಹಳೆಯ ಸೇತುವೆಯ ನೆತ್ತಿಯ ಮೇಲೆ ಇನ್ನೊಂದು ಸೇತುವೆ ಬಂದು ಕುಳಿತಿತು. ಅಪ್ಪ ಆ ಕಡೆ ಹೋಗಿ ಬಂದ ದಿನ ಊಟ ಬಿಟ್ಟು ಕೂತದ್ದನ್ನು ಮಗಳು ನೋಡಿದಳು. ಅವಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಪುಟ ಜೋಡಿಸುವವಳು; ಒಂದು ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ಅವಳಿಗೆ ಸಮಾಧಾನವಿಲ್ಲ. ಅವಳೇ ಹುಡುಕಿ ಒಂದು ಬಸ್ಸಿನ ಆಟ ತಂದಳು. ನಮಗೆ ಬೇಕಾದ ರಸ್ತೆಯನ್ನು ನಾವೇ ಕಟ್ಟಿಕೊಂಡು ಓಡಿಸುವಂಥ ಆಟ. ಒಂದೂವರೆ ವರ್ಷ, ವಾರದ ರಜೆಯ ದಿನ ಬಂತೆಂದರೆ ಅಪ್ಪ ಹೇಳುತ್ತಾ ಹೋದರು, ಮಗಳು ಕಟ್ಟುತ್ತಾ ಹೋದಳು. "ಕ್ಷೌರದಂಗಡಿ ಎಡಕ್ಕಲ್ಲ ಪುಟ್ಟಿ, ಬಲಕ್ಕೆ. ಅದರ ಬಾಗಿಲು ನೀಲಿ. ಅಷ್ಟು ನೀಲಿ ಬೇಡ, ಬಿಸಿಲಿಗೆ ಮಾಸಿದ ನೀಲಿ." ಹೀಗೆ ಡಿಪೋ, ಸೇತುವೆ, ಶಾಲೆ, ಮಾರುಕಟ್ಟೆ, ಆಸ್ಪತ್ರೆ, ಕೊನೆಗೆ ನೀರಿನ ಟ್ಯಾಂಕಿನ ಬುಡದ ಕೊನೇ ಸ್ಟಾಪು, ಎಲ್ಲ ಒಂದೊಂದಾಗಿ ಎದ್ದು ನಿಂತವು. ಆಟ ಆಡುವವರೆಲ್ಲ ಕಾಲಹರಣ ಮಾಡುವವರು ಎಂದು ಮೂಗು ಮುರಿಯುವವರು ಆ ಕೋಣೆಗೆ ಒಮ್ಮೆ ಬಂದು, ಒಬ್ಬ ಮುದುಕ ತಾನು ಕಳೆದುಕೊಂಡ ಬೀದಿಯಲ್ಲಿ ಮತ್ತೆ ಸಾಗುವುದನ್ನು ನೋಡಬೇಕಿತ್ತು.

ಆಮೇಲೆ ಕಣ್ಣಿನ ವಿಷಯ ಬಂತು. ಡಾಕ್ಟರಮ್ಮ ದೀಪ ಹಿಡಿದು ನೋಡಿ ಹೇಳಿದರು: "ನೋಟದ ನಡುಭಾಗ ಮಾಸುತ್ತಾ ಹೋಗುತ್ತೆ. ಅಂಚು ಉಳಿಯುತ್ತೆ. ಎಷ್ಟು ದಿನ ಅಂತ ಹೇಳೋಕಾಗಲ್ಲ, ಒಂದು ವರ್ಷ ಇರಬಹುದು." ಮಗಳು ಅವತ್ತೇ ನಿಶ್ಚಯ ಮಾಡಿದಳು. ಅಪ್ಪನ ಕಣ್ಣಿರುವಾಗಲೇ ಹದಿನಾಲ್ಕನೇ ನಂಬರಿನ ಒಂದು ಪೂರ್ತಿ ಟ್ರಿಪ್ಪನ್ನು, ಡಿಪೋದಿಂದ ಟ್ಯಾಂಕಿನವರೆಗೆ, ರೆಕಾರ್ಡ್ ಮಾಡಿ ಇಡಬೇಕು. ಅಪ್ಪ ಓಡಿಸುತ್ತಾ ಎಲ್ಲಿ ಯಾರು ಹತ್ತುತ್ತಿದ್ದರು, ಯಾರು ಎಲ್ಲಿ ಇಳಿಯುತ್ತಿದ್ದರು ಎಂದು ಬಾಯಲ್ಲಿ ಹೇಳಬೇಕು. ಊರು ಮರೆತ ಬೀದಿ ಅಪ್ಪನ ಧ್ವನಿಯಲ್ಲಿ ಉಳಿಯಬೇಕು.

ಮಗಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಡಾಕ್ಟರಮ್ಮ ಹೇಳಿದ ಆ ಒಂದು ವರ್ಷ ನಾಲ್ಕೇ ತಿಂಗಳಲ್ಲಿ ಮುಗಿದುಹೋಗಿತ್ತು.

ತೊಟ್ಟಿಲಪ್ಪ ಈಗ ಹೆಂಡತಿಯ ಕಡೆ ನೋಡಿದರೆ ಕೂದಲು ಕಾಣುತ್ತಿತ್ತು, ಕಿವಿಯ ಓಲೆ ಕಾಣುತ್ತಿತ್ತು, ನಡುವೆ ಮುಖವಿರಬೇಕಾದ ಕಡೆ ಹಾಲು ಚೆಲ್ಲಿದಂಥ ಮಬ್ಬು. ಗೋಡೆಯ ಗಡಿಯಾರಕ್ಕೆ ಅಂಚಿತ್ತು, ಮುಳ್ಳಿರಲಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಎರಡನೇ ಸಲ ತಪಾಸಣೆಗೆ ಹೋದಾಗ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು, ತಮಗಿಂತ ಮೊದಲು ಒಳಗೆ ಹೋದವನು ಅಕ್ಷರದ ಪಟ್ಟಿಯನ್ನು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡು, ಒಳಗೆ ಹೋಗಿ ಅದನ್ನೇ ಗಿಣಿಯ ಹಾಗೆ ಒಪ್ಪಿಸಿದ್ದರು. ಪಕ್ಕದಲ್ಲಿ ನಿಂತ ಮಗಳು "ಪರವಾಗಿಲ್ಲ ಅಪ್ಪಾ, ಚೆನ್ನಾಗೇ ಕಾಣ್ತಿದೆ ನಿನಗೆ" ಎಂದು ಹಿಗ್ಗಿದ್ದಳು. ಅವಳ ಹಿಗ್ಗು ಅವರ ಎದೆಗೆ ಚುಚ್ಚಿತು, ಆದರೂ ಸುಮ್ಮನಿದ್ದರು. ಕಾರಣ ಇಷ್ಟೇ. ಗೊತ್ತಾದರೆ ಸೀಟು ಹೋಗುತ್ತದೆ. ಕಣ್ಣಿಲ್ಲದವನನ್ನು ಯಾವ ಡಿಪೋದವರೂ ಸ್ಟೀರಿಂಗಿನ ಮುಂದೆ ಕೂರಿಸುವುದಿಲ್ಲ, ಹೆತ್ತ ಮಗಳಾದರೂ ಅಷ್ಟೇ ಎಂದು ಅವರಿಗೆ ಖಾತ್ರಿಯಾಗಿತ್ತು. ಕಿಟಕಿಯ ಪಕ್ಕದ ಕುರ್ಚಿಗೆ ಕೂರಿಸಿ, ರೇಡಿಯೋ ಹಾಕಿ, ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಮಾತಾಡಿಸುತ್ತಾರೆ. ಆ ಮೆತ್ತಗಿನ ಮಾತನ್ನು ನೆನೆದರೇ ಅವರಿಗೆ ಮೈ ಜುಮ್ಮೆನ್ನುತ್ತಿತ್ತು.

ರೆಕಾರ್ಡಿಂಗ್ ಶುರುವಾದದ್ದು ಆ ಹೊತ್ತಿನಲ್ಲಿ. ಶುರುವಾದ ದಿನವೇ ಕಂಪ್ಯೂಟರ್ ಕೈಕೊಟ್ಟಿತು.

ಮಗಳು ಮೈಕು ಇಟ್ಟು, ಗುಂಡಿ ಒತ್ತಿ, "ಹೂಂ, ಹೊರಡು" ಎಂದಳು. ಬಸ್ಸು ಡಿಪೋ ಬಿಟ್ಟಿತು. ಬಿಟ್ಟದ್ದೇ ತಡ ಮೇಜಿನ ಕೆಳಗಿನಿಂದ ಫ್ಯಾನಿನ ಸದ್ದು ಏರತೊಡಗಿತು. ಪರದೆಯ ಮೇಲೆ ಬಸ್ಸು ಒಂದು ಹೆಜ್ಜೆ ಹೋಗಿ ನಿಂತು, ಮತ್ತೆ ನಾಲ್ಕು ಹೆಜ್ಜೆ ಎಗರಿ, ಮತ್ತೆ ನಿಂತು, ಬಿಕ್ಕಳಿಸುತ್ತಾ ಸಾಗಿತು. ರೆಕಾರ್ಡ್ ಆದದ್ದನ್ನು ಹಾಕಿ ನೋಡಿದರೆ ಇನ್ನೂ ಕೆಟ್ಟದಾಗಿತ್ತು. ಅಪ್ಪನ ಮಾತು ನೆಟ್ಟಗಿತ್ತು, ಬೀದಿ ಮಾತ್ರ ಹರಿದು ಹರಿದು ಬರುತ್ತಿತ್ತು. ಮಾತಿನ ಹಿಂದೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು.

"ಪೂರ್ತಿ ಸ್ಟಕ್ ಆಗ್ತಿದೆ," ಎಂದು ಮಗಳು ಹಣೆ ಉಜ್ಜಿಕೊಂಡಳು. ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಕಿಟಕಿ ತೆರೆದು ಲೆಕ್ಕ ಓದಿದಳು. "ನೋಡು, ಪ್ರೊಸೆಸರ್ ತೊಂಬತ್ತಾರು ಪರ್ಸೆಂಟ್. ಅದಕ್ಕೆ ಉಸಿರಾಡೋಕೂ ಪುರುಸೊತ್ತಿಲ್ಲ. ಅದೊಂದೇ ತಲೆ ಅಪ್ಪಾ, ಅದೇ ಬಸ್ಸು ಓಡಿಸ್ಬೇಕು, ಅದೇ ಕೂತು ವಿಡಿಯೋನೂ ಹೆಣೀಬೇಕು."

"ಪಾಪ," ಎಂದರು ತೊಟ್ಟಿಲಪ್ಪ. ಅವರ ಮನಸ್ಸು ಅಲ್ಲಿರಲಿಲ್ಲ. ಅವರ ಕಿವಿ ನಿಮಿರಿತ್ತು.

ಅವರಿಗೆ ಅವತ್ತು ಹೊಳೆದದ್ದು ಬೇರೆಯೇ. ಬಸ್ಸು ಸೇತುವೆ ಹತ್ತಿದಾಗ ಫ್ಯಾನು ಇಳಿದಿತ್ತು. ಸೇತುವೆಯ ಮೇಲೆ ಬರಿಯ ಆಕಾಶ, ಕೆಳಗೆ ನೀರು, ಕಂಪ್ಯೂಟರಿಗೆ ಬಿಡಿಸುವುದಕ್ಕೆ ಏನೂ ಇಲ್ಲ. ಶಾಲೆ ಹತ್ತಿರವಾದ ಹಾಗೆ ಫ್ಯಾನು ಗುರ್ ಎಂದಿತ್ತು; ಅಲ್ಲಿ ರಸ್ತೆ ದಾಟುವ ಮಕ್ಕಳು. ಮಾರುಕಟ್ಟೆಯ ತಿರುವಿಗೆ ಬರುವ ಮೊದಲೇ ಬೊಬ್ಬೆ ಹೊಡೆದಿತ್ತು; ಜನ, ತಳ್ಳುಗಾಡಿ, ಬಣ್ಣಬಣ್ಣದ ಛತ್ರಿ ಎಲ್ಲವನ್ನೂ ಅದು ಮುಂಚಿತವಾಗಿಯೇ ತಯಾರು ಮಾಡಿಕೊಳ್ಳಬೇಕಲ್ಲ. ಮೂವತ್ತೊಂದು ವರ್ಷ ಎಂಜಿನ್ನಿನ ಸದ್ದಿಗೆ ಕಾಲು ತಾನಾಗಿ ಏಳುತ್ತಿದ್ದ ಮನುಷ್ಯ. ಪೆಟ್ಟಿಗೆ ತಿಣುಕಿದ ಕೂಡಲೇ ಅವರ ಬಲಗಾಲು ಕೇಳದೆಯೇ ಹಗುರಾಯಿತು, ಬಸ್ಸು ನಿಧಾನವಾಯಿತು, ಮಾರುಕಟ್ಟೆಯ ಒಬ್ಬ ಮನುಷ್ಯನಿಗೂ ತಾಗದೆ ದಾಟಿತು. ನಡುವೆ ಏನೂ ಕಾಣದಿದ್ದರೂ!

ಆಮೇಲಿನ ದಿನಗಳು ಅವರಿಗೆ ಕನಸಿನ ಹಾಗಿದ್ದವು. ದಿನಾ ಮಧ್ಯಾಹ್ನ ಮಗಳು ಕೆಲಸದಲ್ಲಿರುವಾಗ ಅವರೇ ಬೆರಳಿನಲ್ಲಿ ತಡಕಿ ರೆಕಾರ್ಡಿಂಗಿನ ಗುಂಡಿ ಒತ್ತಿ ಫ್ಯಾನನ್ನು ಎಬ್ಬಿಸುತ್ತಿದ್ದರು. ಕಣ್ಣಿನ ಅಂಚಿನಲ್ಲಿ ಕಾಲುದಾರಿಯ ಬಿಳಿಗೆರೆ ಹರಿಯುತ್ತಿತ್ತು, ಮರಗಳ ಹಸಿರು ಜಾರುತ್ತಿತ್ತು, ನಡುವಿನ ಮಬ್ಬಿನೊಳಗೆ ಅವರದೇ ಹಳೆಯ ಬೀದಿ ನೆನಪಿನಿಂದ ಬಂದು ತುಂಬಿಕೊಳ್ಳುತ್ತಿತ್ತು. ಮಗಳು ಕಟ್ಟಿದ್ದು ಎಲ್ಲಿ ಮುಗಿಯಿತು, ತಾವು ಕಂಡದ್ದು ಎಲ್ಲಿ ಶುರುವಾಯಿತು, ಅವರಿಗೇ ತಿಳಿಯುತ್ತಿರಲಿಲ್ಲ. ಎದುರಿಗೆ ಏನಿದೆ ಎಂಬುದನ್ನು ಫ್ಯಾನು ಹೇಳುತ್ತಿತ್ತು. ಆಟದ ಸದ್ದನ್ನು ಸ್ಪೀಕರಿನಲ್ಲಿ ಬಿಡುವಂತಿರಲಿಲ್ಲ, ಮೈಕಿಗೆ ಹೋಗುತ್ತದೆ ಎಂದು ಮಗಳು ಬಂದ್ ಮಾಡಿದ್ದಳು. ಹೆಡ್‌ಫೋನ್ ಹಾಕಿಕೊಳ್ಳಲು ಇವರು ಒಪ್ಪಿರಲಿಲ್ಲ. "ಡ್ರೈವರ್ ಆದವನು ಕಿವಿ ಮುಚ್ಕೊಂಡು ಗಾಡಿ ಓಡಿಸ್ತಾನೇನೇ?" ಆದ್ದರಿಂದ ಕೋಣೆಯಲ್ಲಿ ಇದ್ದದ್ದು ಅದೊಂದೇ ಸದ್ದು. ಅದು ಏರಿದರೆ ಜನ, ಇಳಿದರೆ ಬಯಲು.

ಮಗಳು ರಜೆ ಬಂತೆಂದರೆ ಆ ಸದ್ದನ್ನು ಅಡಗಿಸಲು ಟೊಂಕ ಕಟ್ಟಿ ನಿಲ್ಲುತ್ತಿದ್ದಳು.

ಮೊದಲ ವಾರ ಪೆಟ್ಟಿಗೆಯ ಮುಚ್ಚಳ ತೆಗೆದು ಧೂಳು ಹೊಡೆದಳು. ಒಳಗಿನಿಂದ ಒಂದು ದಿಂಬಿಗಾಗುವಷ್ಟು ಕಸ ಹೊರಟಿತು. ತೊಟ್ಟಿಲಪ್ಪ ಮೂಗಿಗೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಸರಿಹೋಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಸರಿಹೋಗಲಿಲ್ಲ. ತೊಂಬತ್ತಾರು ಇದ್ದದ್ದು ತೊಂಬತ್ತನಾಲ್ಕಕ್ಕೆ ಬಂತು, ಅಷ್ಟೇ.

"ಹೋಗ್ಲಿ ಬಿಡು ಪುಟ್ಟಿ. ಹಳೇ ಗಾಡಿ. ತಿಣುಕಿದ್ರೂ ಓಡ್ತಿದೆಯಲ್ಲ."

"ಓಡಿದ್ರೆ ಸಾಕಾ? ನೀನು ಓಡಿಸೋದು ಹೀಗಾ ಅಪ್ಪಾ? ಇದನ್ನ ನೋಡಿದವ್ರು ನಿನ್ನನ್ನ ತೊಟ್ಟಿಲಪ್ಪ ಅಂತಾರಾ, ಕುಲುಕಪ್ಪ ಅಂತಾರೆ."

ಅಡಿಗೆಮನೆಯಿಂದ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಎರಡನೆಯ ವಾರ ಹಿಂದೆ ಸುಮ್ಮನೆ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ಹುಡುಕಿ ಮುಚ್ಚಿದಳು. ವಿಡಿಯೋ ಹೋಗಿ ಕೂರುತ್ತಿದ್ದ ಹಳೆಯ ನಿಧಾನದ ಡಿಸ್ಕನ್ನು ಬಿಟ್ಟು ಒಳಗಿನ ಬೇರೆ ಡಿಸ್ಕಿಗೆ ದಾರಿ ತೋರಿಸಿದಳು. ಸೆಕೆಂಡಿಗೆ ಅರವತ್ತು ಚಿತ್ರ ಹಿಡಿಯುತ್ತಿದ್ದುದನ್ನು ಮೂವತ್ತಕ್ಕೆ ಇಳಿಸಿದಳು. ಒಂದೊಂದು ಬದಲಾವಣೆ ಮಾಡಿದಾಗಲೂ ಡಿಪೋದಿಂದ ಮಾರುಕಟ್ಟೆಯವರೆಗೆ ಓಡಿಸಿ ನೋಡುವುದು, ಲೆಕ್ಕವನ್ನು ಒಂದು ಕಾಗದದಲ್ಲಿ ಬರೆಯುವುದು. ಒಟ್ಟಿಗೆ ಎರಡು ಬದಲಾವಣೆ ಮಾಡುವವಳಲ್ಲ. ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲವಂತೆ. ಈಗ ಬಿಕ್ಕಳಿಕೆ ಸ್ವಲ್ಪ ಕಡಿಮೆಯಾಯಿತು. ಫ್ಯಾನು ಮಾತ್ರ ಮಾರುಕಟ್ಟೆ ಬಂದ ಕೂಡಲೇ ಬೊಬ್ಬೆ ಹೊಡೆಯುವುದನ್ನು ಬಿಡಲಿಲ್ಲ. ತೊಟ್ಟಿಲಪ್ಪನ ಜೀವಕ್ಕೆ ಜೀವ ಬಂತು.

ಕಾಗದ ನೋಡುತ್ತಾ ಮಗಳು ಒಂದು ಮಾತು ಕೇಳಿದಳು. "ವಿಚಿತ್ರ ಅಪ್ಪಾ. ಪ್ರೊಸೆಸರಿನ ಲೋಡ್ ಏರಿದ ಕೂಡಲೇ ಬಸ್ಸಿನ ಸ್ಪೀಡು ಇಳಿಯುತ್ತೆ. ಪ್ರತಿ ಸಲ. ಆಟ ತಡವರಿಸಿ ಸ್ಪೀಡು ಇಳಿಯುತ್ತಾ, ಇಲ್ಲ ನೀನೇ ಇಳಿಸ್ತೀಯಾ?"

ಅವರು ಪೆಡಲಿನ ಕೆಳಗಿನ ಗೋಣಿತಟ್ಟನ್ನು ಕಾಲಿನಿಂದ ಸರಿಮಾಡಿದರು. "ಮಾರ್ಕೆಟ್ ಅಲ್ವೇನೇ, ಇಳಿಸದೇ ಇರ್ತಾರಾ?"

"ಮಾರ್ಕೆಟ್ ಇನ್ನೂ ಕಾಣೋಕೆ ಮುಂಚೇನೇ ಇಳಿಸ್ತೀಯಲ್ಲ."

"ನಿನಗೆ ಕಾಣಲ್ಲ. ನನಗೆ ಗೊತ್ತಿರುತ್ತೆ," ಎಂದುಬಿಟ್ಟರು. ಸುಳ್ಳೇನೂ ಅಲ್ಲ. ಮಗಳು ಮೆಚ್ಚಿಕೊಂಡು ಅವರ ತೋಳು ಹಿಸುಕಿದಳು. ಅವಳು ಹೋದಮೇಲೆ ಅವರು ಬಹಳ ಹೊತ್ತು ಸೀಟಿನಲ್ಲಿಯೇ ಕೂತಿದ್ದರು. ಕಳ್ಳತನ ಮಾಡಿದವರ ಹಾಗೆ ಅನ್ನಿಸುತ್ತಿತ್ತು, ಮಾಡಿದ್ದು ಏನೆಂದು ಮಾತ್ರ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ.

ಮೂರನೆಯ ವಾರ ಅವಳು ಪ್ರೆಸ್ಸಿನಿಂದ ಬಂದವಳೇ ಚಪ್ಪಾಳೆ ತಟ್ಟಿದಳು.

"ಸಿಕ್ತು ಅಪ್ಪಾ! ಡ್ರೈವರ್ ಹಳೇದಾಗಿದೆ, ಬದಲಾಯಿಸ್ಬೇಕು."

ತೊಟ್ಟಿಲಪ್ಪ ಟೀ ಲೋಟ ಕೆಳಗಿಟ್ಟರು. "ಏನಂದೆ?"

"ಅಯ್ಯೋ, ನೀನಲ್ಲ! ಗ್ರಾಫಿಕ್ಸ್ ಕಾರ್ಡಿಂದು. ಚಿತ್ರ ಬಿಡಿಸೋದಕ್ಕೆ ಒಳಗೆ ಬೇರೆ ಕಾರ್ಡ್ ಇದೆ. ವಿಡಿಯೋ ಹೆಣೆಯೋ ಕೆಲಸ ಅದಕ್ಕೂ ಬರುತ್ತೆ, ಆದ್ರೆ ಅದನ್ನ ನಡೆಸೋ ಪ್ರೋಗ್ರಾಮು ಹಳೇದು. ಅದಕ್ಕೇ ರೆಕಾರ್ಡಿಂಗಲ್ಲಿ ಅದರ ಹೆಸರೇ ತೋರಿಸ್ತಿರ್ಲಿಲ್ಲ, ಎಲ್ಲ ಕೆಲಸಾನೂ ಪ್ರೊಸೆಸರ್ ತಲೆಗೇ ಕಟ್ಟಿದ್ವಿ ನಾವು."

ಅವಳು ನಕ್ಕಳು, ಅವರೂ ನಕ್ಕರು. ಹೊಸದನ್ನು ಹಾಕಲು ಅರ್ಧ ಗಂಟೆ ಹಿಡಿಯಿತು. ಕಂಪ್ಯೂಟರ್ ಒಮ್ಮೆ ಆರಿ ಮತ್ತೆ ಹತ್ತಿತು. ಮಗಳು ಪಟ್ಟಿಯಲ್ಲಿ ಪ್ರೊಸೆಸರ್ ಇದ್ದ ಕಡೆ ಕಾರ್ಡಿನ ಹೆಸರು ಆರಿಸಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನ ಹಾಗೆ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. "ಇವತ್ತು ಪೂರ್ತಿ ಟ್ರಿಪ್. ಹೊರಡು."

ತೊಟ್ಟಿಲಪ್ಪ ಹೊರಟರು. ಬಸ್ಸು ಹೊರಳಿ ರಸ್ತೆಗೆ ಬಂತು. ಅವರು ಫ್ಯಾನಿಗಾಗಿ ಕಾದರು.

ಫ್ಯಾನು ಏಳಲಿಲ್ಲ. ಪೆಟ್ಟಿಗೆ ನಿದ್ದೆಯಲ್ಲಿ ಉಸಿರಾಡುವವರ ಹಾಗೆ ತೆಳ್ಳಗೆ, ಒಂದೇ ಸಮನೆ ಸುಯ್ಯೆನ್ನುತ್ತಿತ್ತು. "ಮೂವತ್ತೆಂಟು ಪರ್ಸೆಂಟ್!" ಎಂದು ಮಗಳು ಪಿಸುಗುಟ್ಟಿದಳು, ಮೈಕಿಗೆ ಕೇಳದ ಹಾಗೆ. ಪರದೆಯ ಅಂಚಿನಲ್ಲಿ ಮರಗಳು ಎಣ್ಣೆಯ ಮೇಲೆ ಜಾರಿದಂತೆ ಜಾರಿದವು. ಇಂಥ ನುಣುಪು ಆ ಕೋಣೆಯಲ್ಲಿ ಯಾವತ್ತೂ ಇರಲಿಲ್ಲ. ಸೇತುವೆ ಬಂತೋ ಹೋಯಿತೋ, ಶಾಲೆ ಎಲ್ಲಿದೆಯೋ, ಎಲ್ಲ ಒಂದೇ ಬಯಲು, ಒಂದೇ ಮಬ್ಬು. ಅವರು ಬಾಯಲ್ಲಿ ಹೇಳುತ್ತಲೇ ಇದ್ದರು: "ಇಲ್ಲಿ ಮೇಷ್ಟ್ರು ಒಬ್ಬರು ಹತ್ತೋರು, ಕೈಯಲ್ಲಿ ಯಾವಾಗಲೂ ಛತ್ರಿ, ಬಿಸಿಲಿದ್ರೂ ಛತ್ರಿ..." ಹೇಳುತ್ತಾ ಹೇಳುತ್ತಾ ಕಿವಿಯನ್ನು ಮೇಜಿನ ಕೆಳಗೇ ನೆಟ್ಟಿದ್ದರು. ಸದ್ದಿಲ್ಲ ಎಂದರೆ ಜನರಿಲ್ಲ, ರಸ್ತೆ ಖಾಲಿ ಎಂದು ಕಾಲು ನಂಬಿತು. ಮೂರು ವಾರ ಹಾಗೆ ನಂಬಿ ಅಭ್ಯಾಸವಾಗಿತ್ತು. ಕಾಲು ಇನ್ನಷ್ಟು ಒತ್ತಿತು.

"ಅಪ್ಪಾ, ಮಾರ್ಕೆಟ್," ಎಂದಳು ಮಗಳು. ಮತ್ತೆ, "ಅಪ್ಪಾ! ಜನ! ಜನ!"

ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗಿತು. ತೊಟ್ಟಿಲಪ್ಪ ಬ್ರೇಕನ್ನು ತುಳಿದು ನಿಂತರು. ಕಣ್ಣಿನ ನಾಲ್ಕು ಅಂಚಿನಲ್ಲೂ ಕೆಂಪು ಹರಡಿತು. ಅಪಘಾತವಾದರೆ ಆಟ ಹಾಗೆ ತೋರಿಸುತ್ತದೆ ಎಂದು ಮಗಳು ಎಂದೋ ಹೇಳಿದ್ದಳು, ಅವರು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಆಟದ ಜನ, ರಕ್ತವಿಲ್ಲ, ನೋವಿಲ್ಲ, ಬಿದ್ದವರು ಮಾಯವಾಗುತ್ತಾರೆ. ಆದರೆ ಆ ಮನುಷ್ಯನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಮಬ್ಬಿನೊಳಕ್ಕೆ ಕತ್ತು ಚಾಚಿ, ಎಡಕ್ಕೆ ಬಲಕ್ಕೆ ತಿರುಗಿ, ಮಗುವಿನ ಹಾಗೆ ಕೇಳಿದರು: "ಎಲ್ಲಿ?"

ಮಗಳು ಪರದೆಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಬಸ್ಸಿನ ಮುಂದೆ, ಅಡ್ಡಡ್ಡ ಬಿದ್ದ ತಳ್ಳುಗಾಡಿ ಪರದೆಯ ಅರ್ಧದಷ್ಟು ತುಂಬಿಕೊಂಡಿತ್ತು. ಅವಳು ರೆಕಾರ್ಡಿಂಗ್ ನಿಲ್ಲಿಸಿದಳು.

"ಎಷ್ಟು ದಿನದಿಂದ?"

ಅವರು ಸ್ಟೀರಿಂಗಿನಿಂದ ಒಂದೊಂದೇ ಕೈ ತೆಗೆದರು.

"ಮೂರು ವಾರ ನಿನ್ನ ಪಕ್ಕದಲ್ಲೇ ಕೂತಿದ್ದೆ ಅಪ್ಪಾ. ಫ್ಯಾನ್... ನೀನು ಫ್ಯಾನ್ ಕೇಳಿಸ್ಕೊಂಡು..." ಅವಳಿಗೆ ಕಾಗದದ ಲೆಕ್ಕವೆಲ್ಲ ಒಮ್ಮೆಗೇ ಅರ್ಥವಾಯಿತು. ಸಿಟ್ಟೂ ಬಂತು, ಅಳುವೂ ಬಂತು. "ನನ್ನ ಹತ್ರ ಹೇಳ್ಬಾರ್ದಿತ್ತಾ?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. "ನನ್ನ ಹತ್ರಾನೂ ಹೇಳಿಲ್ಲ. ಎರಡು ತಿಂಗಳಿಂದ ಇವರ ಚಪ್ಪಲಿನ ಬಾಗಿಲ ಎಡಗಡೆ ಒಂದೇ ಜಾಗದಲ್ಲಿ ಇಡ್ತಿದೀನಿ. ಸ್ನಾನದ ಬಿಸಿನೀರು ನಾನೇ ಹದ ಮಾಡ್ತಿದೀನಿ. ಯಾಕೆ ಅಂತ ಒಂದು ದಿನ ಕೇಳಿದ್ರಾ? ಕೇಳಿದ್ರೆ ಗುಟ್ಟು ಬಯಲಾಗುತ್ತಲ್ಲ!" ಎಂದಳು. ದನಿ ಗದರುವಂತಿತ್ತು. ಕೈ ಮಾತ್ರ ಗಂಡನ ಬೆನ್ನ ಮೇಲಿತ್ತು.

ತೊಟ್ಟಿಲಪ್ಪ ಕಾಲುಗಳನ್ನು ಪೆಡಲಿನಿಂದ ತೆಗೆದು ಜೋಡಿಸಿಟ್ಟುಕೊಂಡರು. "ಸೀಟು ಬಿಡ್ತೀನಿ," ಎಂದರು. "ಮೂವತ್ತೊಂದು ವರ್ಷ ಒಂದು ನಾಯಿಮರಿಗೂ ತಾಗಿಸಿರ್ಲಿಲ್ಲ." ಏಳಲು ಹೋದರು.

ಮಗಳು ಮೂಗೊರೆಸಿಕೊಂಡು ಮೇಜಿಗೆ ಬಾಗಿದಳು. "ಇರು. ಹಳೇ ಥರಾನೇ ಮಾಡ್ತೀನಿ. ಕೆಲಸ ಎಲ್ಲ ಪ್ರೊಸೆಸರಿಗೇ ಕೊಡ್ತೀನಿ. ಫ್ಯಾನ್ ಕಿರುಚ್ಲಿ, ವಿಡಿಯೋ ಎಷ್ಟಾದ್ರೂ ಸ್ಟಕ್ ಆಗ್ಲಿ, ನೀನು ಓಡ್ಸು."

ಅವರು ಅವಳ ಮಣಿಕಟ್ಟನ್ನು ಹಿಡಿದು ತಡೆದರು. ತಪ್ಪದೆ, ಒಂದೇ ಸಲಕ್ಕೆ ಹಿಡಿದರು. "ಬೇಡ. ಅಷ್ಟು ಕಷ್ಟಪಟ್ಟು ಗಾಡಿ ಸರಿಮಾಡಿದೀಯ. ಸರಿ ಇರೋ ಗಾಡೀನ ನನಗೋಸ್ಕರ ಕೆಡಿಸ್ಬೇಡ."

"ಮತ್ತೆ?"

ಕಿಟಕಿಯ ಹೊರಗೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಅವರ ನೋಟದ ಅಂಚು ಚಿನ್ನದ ಹಾಗೆ ಹೊಳೆಯಿತು. ಆಮೇಲೆ ಮಗಳು ಎದ್ದು, ಸೀಟಿನ ಹಿಂದೆ ಎಡಕ್ಕೆ, ಕಂಡಕ್ಟರುಗಳು ನಿಲ್ಲುವ ಜಾಗದಲ್ಲಿ ಹೋಗಿ ನಿಂತಳು. ಸೀಟಿನ ಕಂಬಿಯನ್ನು ಹಿಡಿದುಕೊಂಡಳು.

"ನಾನು ಹೇಳ್ತೀನಿ. ನೀನು ಓಡ್ಸು. ಯಾರನ್ನಾದ್ರೂ ಹೊಡೆದ್ರೆ ಅದು ನನ್ನ ತಪ್ಪು."

"ಡ್ರೈವರಿನ ತಪ್ಪು ಕಂಡಕ್ಟರಿಗೆ ಬರಲ್ಲ," ಎಂದರು ಅವರು, ಅಭ್ಯಾಸಬಲದಿಂದ. ಆದರೆ ಕಾಲುಗಳು ಆಗಲೇ ಪೆಡಲು ಹುಡುಕುತ್ತಿದ್ದವು.

ಹೆಂಡತಿ ಗೋಡೆಯ ಪಕ್ಕದ ಮಂಚದ ತುದಿಯಲ್ಲಿ ಕುಳಿತಳು. "ನಾನು ಟಿಕೆಟ್ ತಗೊಳ್ಳಲ್ಲ, ಮೊದಲೇ ಹೇಳಿದೀನಿ."

"ರೈಟ್!" ಎಂದಳು ಮಗಳು. ಗುಂಡಿ ಒತ್ತಿದ್ದಳು. ಅವಳ ದನಿ ಒಡೆದಿತ್ತು, ಆದರೂ ಗಟ್ಟಿಯಾಗಿತ್ತು. ಬಸ್ಸು ಡಿಪೋದಿಂದ ಹೊರಟಿತು.

ಆ ಟ್ರಿಪ್ಪು ಹೇಗಿತ್ತು ಎಂದು ತೊಟ್ಟಿಲಪ್ಪನನ್ನು ಕೇಳಿದರೆ ಅವರು ಸರಿಯಾಗಿ ಹೇಳಲಾರರು. ನಿದ್ದೆಯಲ್ಲಿ ತೇಲಿದ ಹಾಗಿತ್ತು ಎನ್ನುತ್ತಾರೆ. ಹಿಂದಿನಿಂದ ಮಗಳ ದನಿ ಬರುತ್ತಿತ್ತು: "ಎಡಕ್ಕೆ ಸ್ವಲ್ಪ... ಸಾಕು. ಸೇತುವೆ ಬಂತು. ನೀರು ಇವತ್ತು ಬೆಳ್ಳಗಿದೆ." ಅವಳು ಇದ್ದದ್ದನ್ನು ಹೇಳುತ್ತಿದ್ದಳು, ಅವರು ಒಂದು ಕಾಲಕ್ಕೆ ಇದ್ದವರನ್ನು ಹೇಳುತ್ತಿದ್ದರು. "ಈ ಸೇತುವೆ ಮೇಲೆ ಒಬ್ಬ ಮುದುಕಿ ಕೈ ತೋರಿಸೋಳು. ಸ್ಟಾಪಿಲ್ಲ ಇಲ್ಲಿ. ನಿಲ್ಲಿಸ್ತಿದ್ದೆ. ಯಾರಿಗೂ ಹೇಳ್ಬೇಡಿ." "ಹೋಲ್ಡಾನ್, ಮಕ್ಕಳು ದಾಟ್ತಿದಾರೆ. ಐದು ಜನ. ಒಬ್ಬಳ ಲೇಸು ಬಿಚ್ಚಿಹೋಗಿದೆ." "ಕಟ್ಟಿಕೊಳ್ಳಲಿ, ಕಾಯೋಣ." ಆಟದ ಹುಡುಗಿಗೆ ಲೇಸು ಎಲ್ಲಿಂದ ಬರಬೇಕು? ಮಗಳು ಸೇರಿಸಿದ್ದೇ ಇರಬೇಕು. ಅವರು ಕಾದರು. ಮಾರುಕಟ್ಟೆಯಲ್ಲಿ ಬಸ್ಸು ಆಮೆಯ ಹಾಗೆ ಹೋಯಿತು, ಮಗಳು ಒಬ್ಬೊಬ್ಬರನ್ನೂ ಬಣ್ಣ ಸಮೇತ ಹೇಳಿ ದಾಟಿಸಿದಳು. ಕ್ಷೌರದಂಗಡಿಯ ಬಾಗಿಲು ಎಂಥ ನೀಲಿ ಎಂದು ಅವರು ಕೇಳಿದರು. "ಬಿಸಿಲಿಗೆ ಮಾಸಿದ ನೀಲಿ," ಎಂದಳು. ಯಾವ ಮಬ್ಬೂ ಅಡ್ಡ ಬರಲಿಲ್ಲ. ಬಸ್ಸು ಒಮ್ಮೆಯೂ ತಡವರಿಸಲಿಲ್ಲ, ಒಮ್ಮೆಯೂ ಕುಲುಕಲಿಲ್ಲ.

ನೀರಿನ ಟ್ಯಾಂಕಿನ ಬುಡದಲ್ಲಿ ಮಗಳು ಮೆತ್ತಗೆ "ಹೋಲ್ಡಾನ್" ಎಂದಳು. ತೊಟ್ಟಿಲಪ್ಪ ಬಸ್ಸು ನಿಲ್ಲಿಸಿ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿದರು.

"ಎಲ್ಲ ಇಳಿದ್ರಾ?"

ಮಗಳು ಪರದೆಯನ್ನು ನೋಡಿದಳು. "ಎಲ್ಲ ಇಳಿದ್ರು."

ಅವರು ಕೂತೇ ಇದ್ದರು. ಡ್ಯೂಟಿ ಮುಗಿದ ಡ್ರೈವರಿಗೆ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ. ಗಾಡಿಯನ್ನು ಡಿಪೋಗೆ ಒಪ್ಪಿಸುವಾಗ ಅದರಲ್ಲಿ ಏನೇನು ಸರಿಯಿಲ್ಲ ಎಂದು ದೂರಿನ ಪುಸ್ತಕದಲ್ಲಿ ಬರೆಸಬೇಕು: ಬ್ರೇಕ್ ಸಡಿಲ, ಬಲಗಡೆ ದೀಪ ಇಲ್ಲ, ಹೀಗೆ. ಮುಚ್ಚಿಟ್ಟರೆ ಮಾರನೆಯ ದಿನ ಆ ಗಾಡಿ ಹತ್ತುವವರ ಪ್ರಾಣಕ್ಕೆ ಸಂಚಕಾರ. ಮೂವತ್ತೊಂದು ವರ್ಷದಲ್ಲಿ ಅವರು ಒಂದು ದಿನವೂ ಏನನ್ನೂ ಮುಚ್ಚಿಟ್ಟವರಲ್ಲ.

ತೊಟ್ಟಿಲಪ್ಪ ಮೈಕಿನ ಕಡೆ ಮುಖ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಹದಿನಾಲ್ಕನೇ ನಂಬರ್. ಬ್ರೇಕ್ ಸರಿಯಿದೆ. ಸ್ಟೀರಿಂಗ್ ಸರಿಯಿದೆ. ಎಂಜಿನ್ ತುಂಬಾ ಚೆನ್ನಾಗಿದೆ, ಸದ್ದೇ ಇಲ್ಲ." ಅಂಗೈಯಿಂದ ಒಮ್ಮೆ ಸ್ಟೀರಿಂಗ್ ಸವರಿದರು. "ಡ್ರೈವರಿಗೆ ಕಣ್ಣು ಕಾಣಲ್ಲ."

ಮಂಚದ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಮಗಳು ಮಾತ್ರ ಕಂಬಿಯನ್ನು ಬಿಡದೆ, ಡಿಪೋದ ಗುಮಾಸ್ತನ ಹಾಗೆ, ಒಂದಿಷ್ಟೂ ಮೆತ್ತಗಾಗದ ದನಿಯಲ್ಲಿ ಹೇಳಿದಳು.

"ಬರ್ಕೊಂಡೆ. ನಾಳೆ ಮೂರು ಗಂಟೆಗೆ ಗಾಡಿ ಬಿಡ್ಬೇಕು, ಲೇಟ್ ಮಾಡ್ಬೇಡಿ."